ಪುಟಿಯುವ ಸ್ಪ್ರಿಂಗ್‌ಬಾಕ್: ಇದು ಜಿಂಕೆಯೇ? ಖುಷಿಗೆ ಕುಣಿಯುತ್ತದೆಯೇ?

ನಾಲ್ಕೂ ಕಾಲು ನೆಟ್ಟಗೆ ಚಾಚಿ, ಬೆನ್ನು ಬಾಗಿಸಿ, ಚೆಂಡಿನಂತೆ ಪುಟಿಯುವ ಪ್ರಾಣಿಯ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ‘ಆಫ್ರಿಕಾದ ಜಿಂಕೆ ಖುಷಿಯಿಂದ ಕುಣಿಯುತ್ತಿದೆ’ ಎಂಬ ಒಕ್ಕಣೆ ಜೊತೆಗಿದ್ದರೆ, ವಿಡಿಯೊ ನಿಜ, ಒಕ್ಕಣೆ ಅರ್ಧ ತಪ್ಪು.

ಇದು ಸ್ಪ್ರಿಂಗ್‌ಬಾಕ್. ಡಚ್ ಭಾಷೆಯಿಂದ ಬೆಳೆದ, ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್‌ನಲ್ಲಿ ‘ಬಾಕ್’ ಎಂದರೆ ಹುಲ್ಲೆ. ಆಡಿಗೂ ಅದೇ ಪದ. ‘ಸ್ಪ್ರಿಂಗ್’ ಎಂದರೆ ನೆಗೆತ. ಜೆಮ್ಸ್‌ಬಾಕ್, ಬ್ಲೆಸ್‌ಬಾಕ್ ಹೀಗೆ ಅಲ್ಲಿ ಬಾಕ್‌ಗಳು ಹಲವು. ನಿಮ್ಮ ಕಾಲಲ್ಲಿರುವ ರೀಬಾಕ್ ಶೂಗೆ ಹೆಸರು ಸಿಕ್ಕಿದ್ದೂ ಅಂಥದೊಂದು ಹುಲ್ಲೆಯಿಂದಲೇ.

ಜಿಂಕೆಗೂ ಹುಲ್ಲೆಗೂ ವ್ಯತ್ಯಾಸ ಕೊಂಬಿನಲ್ಲಿದೆ. ಚುಕ್ಕೆ ಜಿಂಕೆಯ ಕವಲೊಡೆದ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಹುಲ್ಲೆಯ ಕೊಂಬು ಕವಲೊಡೆಯದು, ಉದುರದು. ನಾವು ಜಿಂಕೆ ಎಂದೇ ಕರೆಯುವ ರಾಣೆಬೆನ್ನೂರಿನ ಕೃಷ್ಣಮೃಗವೂ ಹುಲ್ಲೆಯೇ.

ಆ ನೆಗೆತಕ್ಕೆ ‘ಪ್ರಾಂಕ್’ ಎನ್ನುತ್ತಾರೆ, ಅಂದರೆ ಮೆರೆಯುವುದು. ಸುಮಾರು ಎರಡು ಮೀಟರ್ ಎತ್ತರಕ್ಕೆ ಚಿಮ್ಮುವಾಗ ಬೆನ್ನ ಮೇಲಿನ ಮಡಿಕೆ ಬಿಚ್ಚಿ ಬಿಳಿ ಕೂದಲು ಬೀಸಣಿಗೆಯಂತೆ ಅರಳುತ್ತದೆ. ಬೇಟೆಗಾರ ಪ್ರಾಣಿ ಕಂಡಾಗ ಹೀಗೆ ಪುಟಿಯುವುದು ಹೆಚ್ಚು. ‘ನಿನ್ನನ್ನು ನೋಡಿದ್ದೇನೆ, ನನಗೆ ಕಸುವಿದೆ, ಅಟ್ಟಿಸಿಕೊಂಡು ಬಂದು ದಣಿಯಬೇಡ’ ಎಂಬ ಸಂದೇಶ ಅದು ಎನ್ನುವುದು ಪ್ರಬಲ ವಿವರಣೆ. ಅಪಾಯವೇ ಇಲ್ಲದಾಗಲೂ ಮರಿಗಳು ಪುಟಿಯುತ್ತವೆ. ಹಾಗಾಗಿ ಖುಷಿಯ ಮಾತು ಪೂರ್ತಿ ಸುಳ್ಳೂ ಅಲ್ಲ.

ಇದೇ ಹೆಸರನ್ನು ದಕ್ಷಿಣ ಆಫ್ರಿಕಾದ ರಗ್ಬಿ ತಂಡ 1906ರ ಬ್ರಿಟನ್ ಪ್ರವಾಸದಿಂದ ಹೊತ್ತಿದೆ. ಅಭಿಮಾನಿಗಳ ಬಾಯಲ್ಲಿ ಅದು ‘ಬೊಕ್ಕೆ’. ನಮ್ಮ ಮೈಮೇಲೇಳುವ ಬೊಕ್ಕೆಗೂ ಇದಕ್ಕೂ ನಂಟಿಲ್ಲ! ಆದರೆ ವರ್ಣಭೇದದ ದಶಕಗಳಲ್ಲಿ ಆ ಹಸಿರು ಜೆರ್ಸಿ ಬಿಳಿಯರದ್ದಾಗಿತ್ತು. ಅನೇಕ ಕಪ್ಪು ಜನರು ತಮ್ಮದೇ ದೇಶದ ಎದುರಾಳಿ ತಂಡಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಹೆಸರನ್ನೇ ಕಿತ್ತುಹಾಕಿ ಎಂಬ ಕೂಗೆದ್ದಾಗ ಉಳಿಸೋಣ ಎಂದವರು ನೆಲ್ಸನ್ ಮಂಡೇಲಾ. 1995ರ ಜೂನ್ 24ರಂದು ಜೊಹಾನ್ಸ್‌ಬರ್ಗ್‌ನಲ್ಲಿ 6ನೇ ಸಂಖ್ಯೆಯ ಅದೇ ಜೆರ್ಸಿ ತೊಟ್ಟು ಅವರು ನಾಯಕ ಫ್ರಾಂಸ್ವಾ ಪೀನಾರ್ ಕೈಗೆ ವಿಶ್ವಕಪ್ ಕೊಟ್ಟರು. ಗೆದ್ದ ತಂಡದಲ್ಲಿದ್ದ ಬಿಳಿಯನಲ್ಲದ ಆಟಗಾರ ಚೆಸ್ಟರ್ ವಿಲಿಯಮ್ಸ್ ಒಬ್ಬರೇ. 2019ರಲ್ಲಿ ಕಪ್ ಎತ್ತಿದ್ದು ಕಪ್ಪು ನಾಯಕ ಸಿಯಾ ಕೊಲಿಸಿ, 2023ರಲ್ಲೂ ಅವರೇ.

ಅಂದಹಾಗೆ, ಕ್ರಿಕೆಟ್ ಪೋಸ್ಟ್‌ಗಳಲ್ಲಿ ಈ ಹೆಸರು ಬಳಸಬೇಡಿ. ಅಲ್ಲಿನ ಕ್ರಿಕೆಟ್ ತಂಡ ಈಗ ‘ಪ್ರೋಟೀಸ್’, ಅದು ಹೂವಿನ ಹೆಸರು.