ಬಾಯ್ಲರ್‌ನಲ್ಲಿ ನೀರು ಎಷ್ಟಿದೆ?

ರೇಷ್ಮೆ ಹುಳು ಗೂಡು ಕಟ್ಟುವಾಗ ಎಳೆಗಳನ್ನು ಸೆರಿಸಿನ್ ಎಂಬ ಅಂಟಿನಿಂದ ಬೆಸೆಯುತ್ತದೆ. ಹೆಚ್ಚುಕಮ್ಮಿ ಕುದಿಯುವ ನೀರಿನಲ್ಲಿ ಗೂಡು ಬೆಂದರೆ ಆ ಅಂಟು ಮೆತ್ತಗಾಗಿ, ಎಳೆ ತುಂಡಾಗದೆ ಬಿಚ್ಚಿಕೊಳ್ಳುತ್ತದೆ. ಕೊಳ್ಳೇಗಾಲ, ಯಳಂದೂರು ಸೀಮೆಯ ರೇಷ್ಮೆ ಕಸುಬು ನಿಂತಿರುವುದೇ ಈ ಬಿಸಿನೀರಿನ ಮೇಲೆ. ಚರಕದಲ್ಲಿ ನೂಲು ತೆಗೆಯುವವರಿಗೆ ಒಂದು ಒಲೆ ಸಾಕು. ಒಟ್ಟಿಗೆ ಹಲವು ನೂಲು ತೆಗೆಯುವ ಮಲ್ಟಿ ಎಂಡ್ ಯಂತ್ರಗಳಿರುವ ಕಡೆ ಸಾಲುಸಾಲು ಬೇಸಿನ್‌ಗಳಿಗೆ ಹಬೆ ಹಾಯಿಸಬೇಕು. ಅದಕ್ಕೆ ಬಾಯ್ಲರ್ ಬೇಕು.

ಬಾಯ್ಲರ್ ಅಂದರೆ ಬೆಂಕಿಗೆ ಹೆದರುವವರೇ ಹೆಚ್ಚು. ನಿಜವಾದ ಅಪಾಯ ಅಡಗಿರುವುದು ನೀರಿನಲ್ಲಿ. ತೆರೆದ ಪಾತ್ರೆಯ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಒತ್ತಡ ಏರಿದಂತೆ ಕುದಿಯುವ ಬಿಂದುವೂ ಏರುತ್ತದೆ: ಮನೆಯ ಕುಕ್ಕರ್‌ನಲ್ಲಿ ಸುಮಾರು 120, ಪ್ರೆಷರ್ ಗೇಜ್ ಚದರ ಸೆಂಟಿಮೀಟರಿಗೆ 7 ಕಿಲೊ ತೋರಿಸುವ ಬಾಯ್ಲರ್‌ನಲ್ಲಿ ಸುಮಾರು 170. ಅಂಥ ಬಾಯ್ಲರ್ ಬಿರಿದರೆ ಒತ್ತಡ ಒಮ್ಮೆಲೇ ಇಳಿದು, ಒಳಗಿನ ಪ್ರತಿ 100 ಕಿಲೊ ನೀರಿನಲ್ಲಿ ಸುಮಾರು 13 ಕಿಲೊ ಆ ಕ್ಷಣದಲ್ಲೇ ಹಬೆಯಾಗುತ್ತದೆ. ಅಷ್ಟು ಹಬೆಗೆ 20 ಸಾವಿರ ಲೀಟರಿಗೂ ಮಿಕ್ಕಿದ ಜಾಗ ಬೇಕು. ಗೋಡೆ ಒಡೆಯುವುದು, ಚಾವಣಿ ಹಾರುವುದು ಈ ಹಿಗ್ಗುವಿಕೆಯಿಂದ.

ಬಾಯ್ಲರ್ ಬಿರಿಯುವುದಾದರೂ ಏಕೆ? ಮುಖ್ಯ ಕಾರಣಗಳಲ್ಲಿ ಒಂದು, ನೀರಿನ ಮಟ್ಟ ಇಳಿಯುವುದು. ಕೊಳವೆಯ ಒಂದು ಬದಿಗೆ ಉರಿ ತಾಗುತ್ತಿದ್ದರೂ ಇನ್ನೊಂದು ಬದಿಯ ನೀರು ಶಾಖವನ್ನು ಹೀರಿಕೊಳ್ಳುವುದರಿಂದ ಉಕ್ಕು ವಿಪರೀತ ಕಾಯುವುದಿಲ್ಲ. ನೀರು ಸರಿದರೆ ಅದೇ ಉಕ್ಕು ಕೆಂಪಗೆ ಕಾದು ಬಲ ಕಳೆದುಕೊಳ್ಳುತ್ತದೆ. ಗಾಬರಿಯಲ್ಲಿ ಆಗ ಪಂಪ್ ಹಾಕಿ ತಣ್ಣೀರು ಬಿಟ್ಟರೆ ಅನಾಹುತವನ್ನು ಕೈಯಾರೆ ಕರೆದಂತೆ. ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ಕಾಣದಿದ್ದರೆ ಪಂಪ್ ಮುಟ್ಟಬಾರದು. ಸೌದೆ ಹಾಕುವುದನ್ನೂ ಗಾಳಿ ಊದುವ ಫ್ಯಾನನ್ನೂ ನಿಲ್ಲಿಸಿ, ಜನರನ್ನು ದೂರ ಕಳಿಸಿ, ಬಾಯ್ಲರ್ ತಾನಾಗಿ ತಣಿಯಲು ಬಿಡಬೇಕು.

ಗ್ಲಾಸಿನಲ್ಲಿ ನೀರು ಕಂಡರೂ ಪೂರ್ತಿ ನಂಬುವಂತಿಲ್ಲ. ಅದರ ಕೆಳಗಿನ ದಾರಿಯಲ್ಲಿ ಕೆಸರು ಕಟ್ಟಿಕೊಂಡರೆ, ಒಳಗೆ ನೀರು ಇಳಿದಿದ್ದರೂ ಗ್ಲಾಸು ಹಳೆಯ ಮಟ್ಟವನ್ನೇ ತೋರಿಸುತ್ತಿರುತ್ತದೆ. ಅದಕ್ಕೇ ಪ್ರತಿ ಪಾಳಿಯಲ್ಲೂ ಗ್ಲಾಸಿನ ಡ್ರೈನ್ ಕಾಕ್ ತೆರೆದು ಮುಚ್ಚಿ ನೋಡಬೇಕು. ನೀರು ತಟ್ಟನೆ ಮರಳಿದರೆ ದಾರಿ ಸರಿಯಿದೆ; ತೆವಳುತ್ತ ಏರಿದರೆ ಕಟ್ಟಿಕೊಂಡಿದೆ. ಸೇಫ್ಟಿ ವಾಲ್ವ್ ಮತ್ತೆ ಮತ್ತೆ ಹಬೆ ಬಿಡುತ್ತದೆಂದು ಅದರ ಮೇಲೆ ಭಾರ ಹೇರುವುದು, ತಂತಿ ಬಿಗಿಯುವುದು ಜೀವಕ್ಕೇ ಮುಳುವು.

ಇನ್ನೊಂದು ಶತ್ರು ಗಡಸು ನೀರು. ಕಲ್ಲುನೆಲದ ಬೋರ್‌ವೆಲ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಸಿಗೆ ಬೇರ್ಪಟ್ಟು ಕೊಳವೆಗಳಿಗೆ ಪದರವಾಗಿ ಅಂಟುತ್ತವೆ. ಈ ಪದರದ ಮೂಲಕ ಶಾಖ ಉಕ್ಕಿಗಿಂತ ಹತ್ತಾರು ಪಟ್ಟು ನಿಧಾನವಾಗಿ ಹಾಯುತ್ತದೆ. ಸೌದೆ ಹೆಚ್ಚು ಸುಡುತ್ತದೆ. ನೀರು ತುಂಬಿದ್ದರೂ ಉಕ್ಕು ಮಿತಿಮೀರಿ ಕಾಯುತ್ತದೆ. ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್‌ನ ರಾಳದ ಹರಳುಗಳು ಈ ಲವಣಗಳನ್ನು ಹಿಡಿದಿಟ್ಟು ಸೋಡಿಯಂ ಬಿಟ್ಟುಕೊಡುತ್ತವೆ. ಅವು ಸೋತಾಗ ಉಪ್ಪುನೀರು ಹಾಯಿಸಿದರೆ ಮತ್ತೆ ಚುರುಕಾಗುತ್ತವೆ. ತಳದಲ್ಲಿ ಕೂತ ಕೆಸರನ್ನು ಬ್ಲೋಡೌನ್ ವಾಲ್ವ್ ತೆರೆದು ಆಗಾಗ ಹೊರಹಾಕಬೇಕು. ಗೂಡು ಬೇಯಿಸುವುದಕ್ಕೂ ಮೆದು ನೀರೇ ಒಳ್ಳೆಯದು.

ಭಾರತದ ಬಾಯ್ಲರ್ ಕಾನೂನಿನ ಬೇರು ಒಂದು ದುರಂತದಲ್ಲಿದೆ. 1863ರಲ್ಲಿ ಕೋಲ್ಕತ್ತದಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತರು. ಮರುವರ್ಷವೇ ಬಂಗಾಳ ಪ್ರಾಂತ ತಪಾಸಣೆಯ ಕಾಯ್ದೆ ತಂದಿತು. ಇಡೀ ಬ್ರಿಟಿಷ್ ಭಾರತಕ್ಕೆ ಅನ್ವಯಿಸುವ ಕಾಯ್ದೆ 1923ರಲ್ಲಿ ಬಂತು; 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. ಕರ್ನಾಟಕದಲ್ಲಿ ತಪಾಸಣೆ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಯ ಹೊಣೆ. ಆದರೆ ಅಧಿಕಾರಿ ಕೊಟ್ಟ ಪ್ರಮಾಣಪತ್ರ ನಾಳೆ ಇಳಿಯುವ ನೀರಿನ ಮಟ್ಟವನ್ನು ಕಾಯಲಾರದು. ಪಾಳಿಗೆ ಬಂದವರು ಮೊದಲು ಗ್ಲಾಸು ಪರೀಕ್ಷಿಸಿ, ಆಮೇಲೆ ಸೌದೆಗೆ ಕೈಹಾಕಬೇಕು. ಈ ಕ್ರಮ ತಪ್ಪದಂತೆ ನೋಡಿಕೊಳ್ಳುವುದು ಮಾಲೀಕರ ಕೆಲಸ.