ನಿದ್ದೆಗೆ ಜಾರುವಾಗ ಬೆಚ್ಚಿಬೀಳುವುದೇಕೆ?

ಇನ್ನೇನು ನಿದ್ದೆ ಹತ್ತಬೇಕು, ಅಷ್ಟರಲ್ಲಿ ಮೆಟ್ಟಿಲು ತಪ್ಪಿ ಬಿದ್ದಂತಾಗಿ ಕಾಲು ಝಾಡಿಸುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಇದು ಎಂದಾದರೂ ಆಗಿಯೇ ಇರುತ್ತದೆ. ಆದರೆ ಶಾಲೆಗೆ ಹೋಗುವ ಮಗು ಹೀಗೆ ಬೆಚ್ಚಿದರೆ ದೃಷ್ಟಿ ತಾಗಿತೇ, ಗಾಳಿ ಸೋಕಿತೇ ಎಂದು ತಾಯಿತ ಹುಡುಕುತ್ತೇವೆ.

ಇದಕ್ಕೆ ಹೆದರಬೇಕಿಲ್ಲ. ದೀಪ ಆರಿಸಿದಂತೆ ಒಮ್ಮೆಲೇ ನಿದ್ದೆ ಬರುವುದಿಲ್ಲ. ಮೆದುಳು ಎಚ್ಚರದಿಂದ ನಿದ್ದೆಗೆ ಹಂತಹಂತವಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಮೆದುಳಿನ ಬುಡದಿಂದ ಸ್ನಾಯುಗಳಿಗೆ ಹಠಾತ್ತನೆ ಸಂಕೇತ ಹೋಗಿ ಮೈ ಕುಲುಕುತ್ತದೆ ಎಂಬುದು ತಜ್ಞರ ಅಭಿಪ್ರಾಯ. ನಿದ್ದೆಗೆಟ್ಟಾಗ, ಚಿಂತೆಯಲ್ಲಿದ್ದಾಗ, ಹೊತ್ತು ಮೀರಿ ಚಹಾ, ಕಾಫಿ ಕುಡಿದಾಗ ಇದು ಹೆಚ್ಚು. ಸಂಜೆ 5 ಗಂಟೆಗೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ರಾತ್ರಿ 10ಕ್ಕೂ ಮೈಯಲ್ಲಿ ಉಳಿದಿರುತ್ತದೆ.

ನಾವು ಎಚ್ಚರ ವಹಿಸಬೇಕಾದದ್ದು ಬೇರೆ ಲಕ್ಷಣಗಳ ಬಗ್ಗೆ. ಹದಿಹರೆಯದ ಮಕ್ಕಳಿಗೆ ಬೆಳಿಗ್ಗೆ ಎದ್ದ ಮೇಲೆ ಕೈ ಅದುರಿ ಲೋಟ, ಬಾಚಣಿಗೆ ಜಾರಿ ಬೀಳುತ್ತಿದ್ದರೆ, ನಿದ್ದೆಯಲ್ಲಿ ಮೈ ಸೆಟೆದು ನಾಲಿಗೆ ಕಚ್ಚಿಕೊಂಡರೆ ಅದು ಮೂರ್ಛೆರೋಗವಿರಬಹುದು. ಕೂಡಲೇ ವೈದ್ಯರಿಗೆ ತೋರಿಸಬೇಕು. ಮೂರ್ಛೆರೋಗಕ್ಕೆ ಒಳ್ಳೆಯ ಔಷಧಗಳಿವೆ. ಸರಿಯಾಗಿ ಮಾತ್ರೆ ತೆಗೆದುಕೊಂಡು, ನಿದ್ದೆಗೆಡದೆ ಇದ್ದರೆ ಹೆಚ್ಚಿನ ಮಕ್ಕಳು ಎಲ್ಲರಂತೆ ಓದಿ ಬೆಳೆಯುತ್ತಾರೆ. ತಾಯಿತ ಕಟ್ಟಿ ಕಾಯುತ್ತ ಕೂತರೆ ಚಿಕಿತ್ಸೆಯ ಕಾಲ ಕಳೆದುಹೋಗುತ್ತದೆ.

ಉಳಿದಂತೆ, ಮಲಗುವಾಗ ಒಮ್ಮೆ ಬೆಚ್ಚಿದ ಮಗುವಿನ ಬೆನ್ನು ನೇವರಿಸಿ, 'ಏನೂ ಇಲ್ಲ, ಮಲಗಪ್ಪ' ಎಂದರೆ ಸಾಕು.