ಮೊದಲು ಯಾರನ್ನು ಎತ್ತಬೇಕು?

2006ರ ಜುಲೈ 11ರ ಸಂಜೆ, 6-24ರಿಂದ 6-35ರ ಒಳಗಾಗಿ, ಪಶ್ಚಿಮ ರೈಲ್ವೆಯ ಏಳು ಲೋಕಲ್ ಗಾಡಿಗಳಲ್ಲಿ ಬಾಂಬುಗಳು ಸಿಡಿದುವು. 180ಕ್ಕೂ ಹೆಚ್ಚು ಜನ ಮಡಿದರು. ಗಾಯಗೊಂಡವರು 800ಕ್ಕೂ ಮಿಕ್ಕಿದ್ದರು. ಹಳಿಯ ಬದಿಯ ಜೋಪಡಿವಾಸಿಗಳು ತಾವು ಹೊದೆಯುವ ಚಾದರಗಳಲ್ಲೇ ಗಾಯಾಳುಗಳನ್ನು ಹೊತ್ತು, ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಮುಟ್ಟಿಸಿದರು. 108ರ ಅಂಬುಲೆನ್ಸ್ ಮಹಾರಾಷ್ಟ್ರಕ್ಕೆ ಬಂದುದು 2014ರಲ್ಲಿ. ಬಂದ ಮೇಲೂ ಮುಂಬಯಿಯ ಗಲ್ಲಿಗಳಲ್ಲಿ ಮೊದಲು ತಲಪುವವನು ಪಕ್ಕದಲ್ಲಿದ್ದವನೇ. ಆ ಪಕ್ಕದವನು ನಿಲ್ದಾಣದೆದುರಿನ ನಮ್ಮ ಹೋಟೆಲಿನ ಮಾಣಿಯೂ ಆಗಬಹುದು, ಅದೇ ಗಾಡಿಯಲ್ಲಿ ಜೋತುಬಿದ್ದು ಬರುವ ನಮ್ಮ ಗುಮಾಸ್ತನೂ ಆಗಬಹುದು.

ಎತ್ತುವ ಕೈಗಳಿಗೆ ಈ ನಗರದಲ್ಲಿ ಬರವಿಲ್ಲ. ಮೊದಲು ಯಾರನ್ನು ಎತ್ತಬೇಕೆಂಬುದನ್ನು ಮಾತ್ರ ಕಲಿಯಬೇಕಾಗಿದೆ. ಹೋಟೆಲಿನಲ್ಲಿ ಗಟ್ಟಿಯಾಗಿ ಕೂಗಿದ ಗಿರಾಕಿಗೆ ಮೊದಲು ಚಹ ಹೋಗುತ್ತದೆ. ಹೋಗಬಾರದು, ಆದರೆ ಹೋಗುತ್ತದೆ. ಅಪಘಾತದಲ್ಲಿ ಈ ಅಭ್ಯಾಸ ಪ್ರಾಣಾಪಾಯಕರ. ಕೂಗುವವನಿಗೆ ಉಸಿರಿದೆ, ಸದ್ದಿಲ್ಲದೆ ಬಿದ್ದಿರುವವನನ್ನು ಮೊದಲು ನೋಡಬೇಕು.

ಗಾಯಾಳುಗಳನ್ನು ವಿಂಗಡಿಸುವ ಸುಲಭ ಕ್ರಮವೊಂದನ್ನು 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದರು. ಅದಕ್ಕೆ 'ಸ್ಟಾರ್ಟ್' ಎಂದು ಹೆಸರು. "ನಡೆಯಬಲ್ಲವರೆಲ್ಲ ಇತ್ತ ಬನ್ನಿ" ಎಂದು ಕೂಗುವುದೇ ಮೊದಲ ಹೆಜ್ಜೆ. ಬಂದವರಿಗೆ ಹಸಿರು ಗುರುತು, ಅವರು ಕಾಯಬಲ್ಲರು. ಉಳಿದವರಲ್ಲಿ ಉಸಿರಿಲ್ಲದವನ ಗಲ್ಲವನ್ನೆತ್ತಿ ಶ್ವಾಸದ ದಾರಿ ತೆರೆಯಬೇಕು. ಉಸಿರು ಮರಳಿದರೆ ಕೆಂಪು. ಮರಳದಿದ್ದರೆ ಕಪ್ಪು ಗುರುತಿಟ್ಟು ಮುಂದಿನವನ ಬಳಿಗೆ ಹೋಗಬೇಕು. ಇದು ಮನಸ್ಸಿಗೆ ಬಲು ಕಠಿಣ. ತರಬೇತಿಯಿಲ್ಲದೆ ಯಾರಿಂದಲೂ ಆಗದು. ನಿಮಿಷಕ್ಕೆ 30ನ್ನು ಮೀರಿದ ಉಸಿರಾಟ, ಮಣಿಕಟ್ಟಿನಲ್ಲಿ ಸಿಗದ ನಾಡಿ, "ಕೈ ಹಿಸುಕು" ಎಂದರೆ ತಿಳಿಯದ ಸ್ಥಿತಿ, ಇವುಗಳಲ್ಲಿ ಒಂದಿದ್ದರೂ ಕೆಂಪು. ಅವನೇ ಮೊದಲು ಆಸ್ಪತ್ರೆಗೆ ಹೋಗತಕ್ಕವನು. ಮಿಕ್ಕವರು ಹಳದಿ. ಒಬ್ಬೊಬ್ಬನಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ರಕ್ತ ಸುರಿಯುವ ಗಾಯವನ್ನು ಬಟ್ಟೆಯಿಂದ ಅದುಮಿ ಹಿಡಿಯಲು ಹಸಿರಿನವರ ಕೈಗಳನ್ನೇ ಉಪಯೋಗಿಸಬಹುದು.

ನೀರಿನ ಲೋಟ ಹಿಡಿದು ಓಡುವುದು ನಮ್ಮ ಮಾಣಿಗಳ ಸಹಜಗುಣ. ಆದರೆ ಪ್ರಜ್ಞೆ ಮಸುಕಾದವನ ಬಾಯಿಗೆ ಹನಿಸಿದ ನೀರು ಶ್ವಾಸನಾಳಕ್ಕಿಳಿಯಬಹುದು. ಲೋಟ ಅಲ್ಲೇ ಇರಲಿ.

ಪೋಲೀಸ್ ಠಾಣೆಯ ಅಲೆದಾಟಕ್ಕೆ ಅಂಜುವವರೂ ಇದ್ದಾರೆ. 2016ರ ಸುಪ್ರೀಂ ಕೋರ್ಟಿನ ತೀರ್ಪೂ, 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿದ 134-ಎ ಕಲಮೂ ರಸ್ತೆ ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಟ್ಟಿವೆ. ಹೆಸರು ಹೇಳೆಂದು ಅವರನ್ನು ಬಲಾತ್ಕರಿಸುವಂತಿಲ್ಲ.

ಸೈಂಟ್ ಜಾನ್ ಅಂಬುಲೆನ್ಸ್ ಸಂಸ್ಥೆ ಪ್ರಥಮ ಚಿಕಿತ್ಸೆಯನ್ನು ಕಲಿಸುತ್ತ ಬಂದಿದೆ. ಅದರ ಜೊತೆಗೆ ಬಲ್ಲ ವೈದ್ಯರಿಂದ ಈ ವಿಂಗಡಣೆಯನ್ನೂ ಹೇಳಿಸಬೇಕು. ನಮ್ಮ ಸಂಘಗಳಿಗೆ ಸಭಾಗೃಹಗಳಿವೆ, ಹಿಂದೆ ರಾತ್ರಿಶಾಲೆ ನಡೆಸಿದ ಅನುಭವವೂ ಇದೆ. ಗುಮಾಸ್ತರಿಗೆ ಭಾನುವಾರ ಅನುಕೂಲ. ಹೋಟೆಲಿನವರಿಗೆ ಭಾನುವಾರವೆಂಬುದಿಲ್ಲವಾದುದರಿಂದ, ಊಟದ ಗದ್ದಲ ಮುಗಿದ ಮಧ್ಯಾಹ್ನ ಎರಡು ತಾಸು, ಒಂದೊಂದು ಹೋಟೆಲಿನಿಂದ ಇಬ್ಬರಂತೆ ಹುಡುಗರನ್ನು ಕಳುಹಿಸಿಕೊಡಬೇಕೆಂದು ಮಾಲಕ ಬಂಧುಗಳಲ್ಲಿ ನಮ್ಮ ವಿನಂತಿ, ಸಂಬಳ ಕಡಿಯದೆ.